ಉಂಡು ಮಲಗುವ ತನಕವೇ?

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ನಮ್ಮ ಸುಶಿಕ್ಷಿತ ಮಹನೀಯರು ಎಷ್ಟು ಸುಲಭವಾಗಿ ಉಚ್ಚರಿಸುತ್ತಾರೆ! ನೆರೆಮನೆಯ ಗೃಹಿಣಿಯ ಆರ್ತಸ್ವರವು ಗೋಡೆಯನ್ನು ದಾಟಿ ಬಂದಾಗ ಕಿಟಕಿ ಮುಚ್ಚಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ನೆಪವು ಇನ್ನೆಲ್ಲಿ ದೊರೆತೀತು? ಉಂಡವರಾರು, ಉಣ್ಣದೆ ಒಲೆಯ ಬಳಿ ಕುಳಿತವರಾರು ಎಂಬುದನ್ನು ಗಾದೆಯು ಹೇಳುವುದಿಲ್ಲ.

ಅನ್ಯರ ಸಂಸಾರದಲ್ಲಿ ತಲೆಹಾಕಿದರೆ ಕೋರ್ಟು ಕಚೇರಿ ಅಲೆಯಬೇಕಾದೀತೆಂದು ಕೆಲವರು ಅಂಜುವರು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸಲು 2005ರಲ್ಲಿ ಆದ ಶಾಸನದ 4ನೆಯ ಕಲಮನ್ನು ಇವರು ಓದಿದಂತೆ ಕಾಣದು. ದೌರ್ಜನ್ಯ ನಡೆದಿದೆಯೆಂದು ನಂಬಲು ಕಾರಣವುಳ್ಳ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವದಿಂದ ತಿಳಿಸಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬಾರದು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಆ ಸಂರಕ್ಷಣಾಧಿಕಾರಿ. ‘ಮನೆ ನನ್ನದು, ಹೊರಡು’ ಎಂಬ ಗದರಿಕೆಗೂ 17ನೆಯ ಕಲಮಿನಲ್ಲಿ ಉತ್ತರವುಂಟು: ಸ್ವತ್ತಿನ ಹಕ್ಕು ಆಕೆಗಿಲ್ಲದಿದ್ದರೂ ತಾನು ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಆಕೆಗಿದೆ.

ಅರ್ಜಿ ತಲಪಿದ 3 ದಿನಗಳೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ, ಅಲ್ಲಿಂದ 60 ದಿನಗಳಲ್ಲಿ ತೀರ್ಮಾನಕ್ಕೆ ಪ್ರಯತ್ನ ಎಂದು ಶಾಸನವೇನೋ ವಿಧಿಸಿದೆ. ನಡೆಯುವುದು ಬೇರೆ. ವಾಯಿದೆಯ ಮೇಲೆ ವಾಯಿದೆ ಬೀಳುತ್ತಿರಲು, ಒಬ್ಬಳೇ ಕಾದು ಬೇಸತ್ತವಳು ‘ಹೊಂದಿಕೊಂಡು ಹೋಗು’ ಎನ್ನುವ ತವರಿನವರ ಮಾತಿಗೆ ಸೋತು ಅದೇ ಮನೆಗೆ ಹಿಂದಿರುಗುವಳು. (ಇದನ್ನೇ ನಾವು ‘ರಾಜಿ’ಯೆಂದು ಹೊಗಳುವೆವು!) ಆಕೆಗೆ ವಾಯಿದೆಯ ದಿನ ಜೊತೆಗೆ ಬರುವವರು ಬೇಕು, ಅಂದು ಮಕ್ಕಳಿಗೆ ಅನ್ನವಿಕ್ಕುವವರು ಬೇಕು, ಕಂಡುದನ್ನು ಕಂಡಂತೆ ಸಾಕ್ಷಿ ನುಡಿಯುವವರು ಬೇಕು. ಆ ಕೂಗನ್ನು ಕೇಳಿದವರು ನೆರೆಯವರಲ್ಲದೆ ಮತ್ತಾರು?