ಅಗ್ಗದ ಜಾಲತಾಣ: ಬಾಡಿಗೆಗಿಂತ ಕೀಲಿಕೈ ಮುಖ್ಯ

ಸಣ್ಣ ಉದ್ಯಮಕ್ಕೆ ಜಾಲತಾಣ ಬೇಕೇ ಬೇಡವೇ ಎಂಬ ಚರ್ಚೆ ಮುಗಿದು ಬಹಳ ಕಾಲವಾಯಿತು. ಅದಕ್ಕೆ ಯಾವ ತಂತ್ರಾಂಶವನ್ನು ಆರಿಸಬೇಕು, ಎಲ್ಲಿ ಇರಿಸಬೇಕು, ಎಷ್ಟು ವೆಚ್ಚ ಮಾಡಬೇಕು ಎಂಬುದೇ ಈಗ ವರ್ತಕರ ಮುಂದಿರುವ ಪ್ರಶ್ನೆ. ಯಂತ್ರವೊಂದನ್ನು ಖರೀದಿಸುವಾಗ ಬಿಡಿಭಾಗ, ದುರಸ್ತಿ, ಮರುಮಾರಾಟದ ಬೆಲೆಯವರೆಗೂ ವಿಚಾರಿಸುವ ಉದ್ಯಮಿಯು ಜಾಲತಾಣದ ವಿಷಯದಲ್ಲಿ ಮಾತ್ರ ಮೊದಲ ವರ್ಷದ ಬಾಡಿಗೆಯನ್ನಷ್ಟೇ ನೋಡಿ ಒಪ್ಪಿಕೊಳ್ಳುವುದು ಸೋಜಿಗದ ಸಂಗತಿ. ಜಾಲತಾಣದ ನಿಜವಾದ ಬೆಲೆ ಗೊತ್ತಾಗುವುದು ಅದನ್ನು ಕಟ್ಟಿಕೊಟ್ಟವರನ್ನು ಬಿಟ್ಟು ಬೇರೆಯವರ ಬಳಿಗೆ ಹೋಗಬೇಕಾಗಿ ಬಂದ ದಿನ.

ಸರಕಿನ ಹೆಸರು, ಅಳತೆ, ದರ, ದಾಸ್ತಾನು, ಗ್ರಾಹಕರ ಬೇಡಿಕೆ ಇವನ್ನೆಲ್ಲ ಕೋಷ್ಟಕಗಳಲ್ಲಿ ಇರಿಸಿ, ನೋಡುಗರು ಕೇಳಿದಾಗ ಅಲ್ಲಿಂದ ತೆಗೆದು ಪುಟ ಕಟ್ಟಿಕೊಡುವುದೇ ದತ್ತಸಂಚಯ ಆಧಾರಿತ ಜಾಲತಾಣ. ಇದು ಎಲ್ಲರಿಗೂ ಬೇಕಿಲ್ಲ. ಮೂವತ್ತು ಬಗೆಯ ಎರಕಗಳನ್ನು ವರ್ಷಗಟ್ಟಲೆ ಬದಲಿಸದೆ ತಯಾರಿಸುವ ಬೆಳಗಾವಿಯ ಫೌಂಡ್ರಿಗೆ ಹತ್ತು ಸ್ಥಿರ ಪುಟಗಳು ಸಾಕು. ಮೂರು ಸಾವಿರ ಬಗೆಯ ಸಾಮಾನು ಇಟ್ಟು, ವಾರವಾರವೂ ದರ ಬದಲಿಸುವ ಹಾರ್ಡ್‌ವೇರ್ ವರ್ತಕನಿಗೆ ದತ್ತಸಂಚಯ ಅನಿವಾರ್ಯ. ಆದರೆ ಅಂಗಡಿಯ ಟ್ಯಾಲಿ ಲೆಕ್ಕಕ್ಕೂ ಜಾಲತಾಣಕ್ಕೂ ನೇರ ಸಂಪರ್ಕ ಕಲ್ಪಿಸುವ ದುಬಾರಿ ಏರ್ಪಾಡು ಹೆಚ್ಚಿನವರಿಗೆ ಅನಗತ್ಯ. ಟ್ಯಾಲಿಯಿಂದ ಎಕ್ಸೆಲ್ ಪಟ್ಟಿ ತೆಗೆದು ನಿಗದಿತ ದಿನ ಜಾಲತಾಣಕ್ಕೆ ಏರಿಸುವುದನ್ನು ಅಂಗಡಿಯ ಗುಮಾಸ್ತನೇ ಮಾಡಬಲ್ಲ.

ಉಪಕರಣಗಳ ಆಯ್ಕೆಯಲ್ಲಿ ಹೊಸತನಕ್ಕಿಂತ ಬಳಕೆಯ ವ್ಯಾಪ್ತಿಗೆ ಬೆಲೆ ಕೊಡುವುದು ಲೇಸು. ಲಿನಕ್ಸ್ ಸರ್ವರ್, ಪಿಎಚ್‌ಪಿ ಭಾಷೆ, ಮೈಎಸ್‌ಕ್ಯುಎಲ್ ಅಥವಾ ಮರಿಯಾಡಿಬಿ ದತ್ತಸಂಚಯ ಇವು ಹಳೆಯವು, ಪರವಾನಗಿ ಶುಲ್ಕವಿಲ್ಲದವು, ಜಿಲ್ಲಾ ಕೇಂದ್ರಗಳಲ್ಲಿಯೂ ಬಲ್ಲವರು ಸಿಗುವಂಥವು. ಮುಕ್ತ ತಂತ್ರಾಂಶ ಎಂದರೆ ಬರೀ ಪುಕ್ಕಟೆ ಎಂದು ತಿಳಿಯುವವರು ಮೈಎಸ್‌ಕ್ಯುಎಲ್‌ನ ಚರಿತ್ರೆಯನ್ನು ಗಮನಿಸಬೇಕು. 2008ರಲ್ಲಿ ಅದನ್ನು ಸನ್ ಸಂಸ್ಥೆಯು ಸುಮಾರು 100 ಕೋಟಿ ಡಾಲರಿಗೆ ಕೊಂಡಿತು. 2010ರಲ್ಲಿ ಸನ್ ಸಂಸ್ಥೆಯೇ ಒರೇಕಲ್ ಪಾಲಾಯಿತು. ಮುಂದೇನೋ ಎಂಬ ಆತಂಕದ ನಡುವೆ, ಮೂಲ ನಿರ್ಮಾತೃಗಳಲ್ಲಿ ಒಬ್ಬರಾದ ಮೈಕೆಲ್ ವಿಡೇನಿಯಸ್ ಅದೇ ಆಕರ ಸಂಕೇತದಿಂದ 2009ರಲ್ಲಿ ಮರಿಯಾಡಿಬಿಯನ್ನು ಕವಲೊಡೆಸಿದರು. ಒಡೆಯರು ಬದಲಾದರೂ ಬಳಕೆದಾರರು ಬೀದಿಗೆ ಬೀಳಲಿಲ್ಲ. ಊರಿನ ಒಬ್ಬನೇ ತಂತ್ರಜ್ಞ ಬರೆದುಕೊಟ್ಟ ಸ್ವಂತ ತಂತ್ರಾಂಶದಲ್ಲಿ ಇಂತಹ ರಕ್ಷಣೆ ಇರದು. ಆತ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಅದನ್ನು ಓದಬಲ್ಲವರೇ ಇರುವುದಿಲ್ಲ.

2003ರಿಂದ ಬಳಕೆಯಲ್ಲಿರುವ ವರ್ಡ್‌ಪ್ರೆಸ್, ಅದರ ಮೇಲೆ ಅಂಗಡಿ ತೆರೆಯಲು 2011ರಲ್ಲಿ ಬಂದ ವೂಕಾಮರ್ಸ್ ಬಹುತೇಕ ವರ್ತಕರಿಗೆ ಸಾಕಾಗುತ್ತವೆ. ಎಚ್ಚರ ಬೇಕಾದದ್ದು ಪೂರಕ ತಂತ್ರಾಂಶಗಳ ವಿಚಾರದಲ್ಲಿ. ಒಂದೊಂದಕ್ಕೂ ವಾರ್ಷಿಕ ಶುಲ್ಕ ಸೇರಿಕೊಳ್ಳುತ್ತ ಹೋದರೆ ಪುಕ್ಕಟೆ ಎಂದು ಆರಂಭವಾದದ್ದು ದುಬಾರಿಯಾಗುತ್ತದೆ. ಶುಲ್ಕ ಉಳಿಸಲೆಂದು ಕಳ್ಳಪ್ರತಿ ಹಾಕಿಸಿದರಂತೂ ಅಪಾಯಕ್ಕೆ ತಾನೇ ಬಾಗಿಲು ತೆರೆದಂತೆ. ಒಮ್ಮೆ ಕಟ್ಟಿ ಮರೆಯುವ ವಸ್ತುವೂ ಇದಲ್ಲ. ಮೈಎಸ್‌ಕ್ಯುಎಲ್ 5.7ರ ಬೆಂಬಲ 2023ರ ಅಕ್ಟೋಬರ್‌ನಲ್ಲಿಯೂ, ಪಿಎಚ್‌ಪಿ 7.4ರದು 2022ರ ನವೆಂಬರ್‌ನಲ್ಲಿಯೂ ಕೊನೆಗೊಂಡಿತು. ವಾರ್ಷಿಕ ನಿರ್ವಹಣೆಗೆಂದು ಒಂದಿಷ್ಟು ಹಣವನ್ನು ಮೊದಲೇ ತೆಗೆದಿರಿಸುವುದು ಒಳಿತು.

ಹೋಸ್ಟಿಂಗ್ ವಿಷಯದಲ್ಲಿ ಹಲವರು ಒಂದೇ ಸರ್ವರನ್ನು ಹಂಚಿಕೊಳ್ಳುವ ವ್ಯವಸ್ಥೆಯೇ ಆರಂಭಕ್ಕೆ ಸಾಕು. ವರ್ಷಕ್ಕೆ ಕೆಲವೇ ಸಾವಿರ ರೂಪಾಯಿಗಳಲ್ಲಿ ದೊರೆಯುತ್ತದೆ. ಜಾಹೀರಾತಿನ ದರ ಮೊದಲ ಅವಧಿಗೆ ಮಾತ್ರ. ನವೀಕರಣದ ದರ ಅದರ ಎರಡು ಮೂರು ಪಟ್ಟು ಇರುವುದು ಅಪರೂಪವಲ್ಲ. ‘ಅನಿಯಮಿತ’ ಎಂಬ ಮಾತಿಗೂ ಕಡತಗಳ ಸಂಖ್ಯೆಯ ಮಿತಿಯೆಂಬ ಬಾಲವಿರುತ್ತದೆ. ಸುರಕ್ಷತಾ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯು 2015ರ ಡಿಸೆಂಬರ್‌ನಿಂದ ಎಲ್ಲರಿಗೂ ಉಚಿತವಾಗಿ ಕೊಡುತ್ತಿದ್ದರೂ ಅದಕ್ಕೆ ಪ್ರತ್ಯೇಕ ಬಿಲ್ಲು ಬರೆಯುವವರು ಉಂಟು. ವಿದೇಶಿ ಸಂಸ್ಥೆಯಿಂದ ಸೇವೆ ಪಡೆದರೆ ನೋಂದಾಯಿತ ವರ್ತಕನು ರಿವರ್ಸ್ ಚಾರ್ಜ್ ಕ್ರಮದಲ್ಲಿ ಶೇ 18ರ ಜಿಎಸ್‌ಟಿಯನ್ನು ತಾನೇ ಕಟ್ಟಬೇಕು. ಸಾಮಾನ್ಯ ನೋಂದಣಿಯವರಿಗೆ ಅದು ಇನ್‌ಪುಟ್ ಕ್ರೆಡಿಟ್ ಆಗಿ ಹಿಂದಿರುಗುತ್ತದೆ, ಕಾಂಪೊಸಿಷನ್ ಪದ್ಧತಿಯವರಿಗೆ ಪೂರ್ತಿ ಖರ್ಚೇ.

ಇವೆಲ್ಲಕ್ಕಿಂತ ದೊಡ್ಡ ನಷ್ಟದ ಮೂಲ ಡೊಮೈನ್ ಹೆಸರು. ಜಾಲತಾಣ ನಿರ್ಮಿಸುವವರು ಅನುಕೂಲಕ್ಕೆಂದು ಅದನ್ನು ತಮ್ಮದೇ ಹೆಸರು, ತಮ್ಮದೇ ಮಿಂಚಂಚೆಯಲ್ಲಿ ನೋಂದಾಯಿಸುವುದು ವಾಡಿಕೆಯಾಗಿಬಿಟ್ಟಿದೆ. ಬಾಡಿಗೆ ಕಟ್ಟಿದ ಮಾತ್ರಕ್ಕೆ ಹೆಸರು ವರ್ತಕನದಾಗುವುದಿಲ್ಲ. ನವೀಕರಣದ ಸೂಚನೆಗಳು ಇನ್ನಾರದೋ ಅಂಚೆಪೆಟ್ಟಿಗೆಗೆ ಹೋಗಿ, ಅವಧಿ ಮೀರಿ, ಹೆಸರು ಮೂರನೆಯವರ ಪಾಲಾದರೆ ಜಾಲತಾಣದ ಜೊತೆಗೆ ಆ ವಿಳಾಸದ ಮಿಂಚಂಚೆಯೂ ನಿಂತುಹೋಗುತ್ತದೆ. ಹಳೆಯ ಗಿರಾಕಿ ಕಳುಹಿಸಿದ ಖರೀದಿ ಆದೇಶ ತಲುಪುವುದೇ ಇಲ್ಲ. ಡಬ್ಬಗಳ ಮೇಲೆ, ಬಿಲ್ಲುಪುಸ್ತಕದಲ್ಲಿ ಮುದ್ರಿಸಿದ ವಿಳಾಸವೆಲ್ಲ ವ್ಯರ್ಥ. ‘.ಇನ್’ ಹೆಸರುಗಳ ವಿವಾದಕ್ಕೆ ನಿಕ್ಸಿ ಸಂಸ್ಥೆಯ ಮಧ್ಯಸ್ಥಿಕೆ ಕ್ರಮವೇನೋ ಇದೆ. ಆದರೆ ತನ್ನದೇ ಹೆಸರನ್ನು ತಾನೇ ದಾವೆ ಹೂಡಿ ಬಿಡಿಸಿಕೊಳ್ಳುವ ಸ್ಥಿತಿ ಯಾವ ಸಣ್ಣ ವರ್ತಕನಿಗೂ ಬೇಡ.

ದತ್ತಾಂಶದ ಪ್ರತಿಯ ಮಾತೂ ಅಷ್ಟೇ ಗಂಭೀರವಾದುದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್‌ಕ್ಲೌಡ್ ಸಂಸ್ಥೆಯ ದತ್ತಾಂಶ ಕೇಂದ್ರವೊಂದು ಬೆಂಕಿಗೆ ಆಹುತಿಯಾದಾಗ, ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟಿದ್ದವರು ಮೂಲ ಮತ್ತು ಪ್ರತಿ ಎರಡನ್ನೂ ಕಳೆದುಕೊಂಡರು. ಹೋಸ್ಟಿಂಗ್ ಸಂಸ್ಥೆ ದಿನವೂ ಬ್ಯಾಕಪ್ ತೆಗೆಯುತ್ತದೆ ಎಂಬ ಭರವಸೆ ಸಾಲದು. ವಾರಕ್ಕೊಂದು ಪ್ರತಿ ವರ್ತಕನ ಸ್ವಂತ ಗಣಕಯಂತ್ರದಲ್ಲಿ ಇರಬೇಕು. ಪ್ರತಿ ಇದ್ದರಷ್ಟೇ ಸಾಲದು, ಅದು ತೆರೆದುಕೊಳ್ಳಲೂ ಬೇಕು. 2017ರ ಜನವರಿ ಕೊನೆಯಲ್ಲಿ ಗಿಟ್‌ಲ್ಯಾಬ್‌ನಂತಹ ತಂತ್ರಜ್ಞಾನ ಸಂಸ್ಥೆಯಲ್ಲಿಯೇ ದತ್ತಸಂಚಯ ತಪ್ಪಿ ಅಳಿಸಿಹೋದಾಗ, ಏರ್ಪಡಿಸಿದ್ದ ಬ್ಯಾಕಪ್ ಕ್ರಮಗಳು ಒಂದಾದ ಮೇಲೊಂದು ಕೈಕೊಟ್ಟವು. ಸುಮಾರು ಆರು ಗಂಟೆಗಳ ಹಳೆಯ ಪ್ರತಿಯೊಂದು ಅದೃಷ್ಟವಶಾತ್ ಉಳಿದಿತ್ತು. ವರ್ಷಕ್ಕೊಮ್ಮೆಯಾದರೂ ಆ ಪ್ರತಿಯಿಂದ ಬೇರೊಂದು ಸರ್ವರಿನಲ್ಲಿ ಜಾಲತಾಣವನ್ನು ಎಬ್ಬಿಸಿ ತೋರಿಸುವಂತೆ ನಿರ್ವಾಹಕರನ್ನು ಕೇಳುವುದು ವರ್ತಕನ ಹಕ್ಕು.

ಕನ್ನಡದಲ್ಲಿ ಸರಕಿನ ಹೆಸರು ಇಡುವವರಿಗೆ ಇನ್ನೊಂದು ಮಾತು. ಹಳೆಯ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಪಟ್ಟಿಗಳನ್ನು ಯೂನಿಕೋಡಿಗೆ ಪರಿವರ್ತಿಸದೆ ಏರಿಸಿದರೆ ಹುಡುಕಾಟ ಕೆಲಸ ಮಾಡದು. ಕೋಷ್ಟಕಗಳು ಯುಟಿಎಫ್8ಎಂಬಿ4 ಎಂಬ ಕ್ರಮದಲ್ಲಿ ಇರಲೆಂದು ಆರಂಭದಲ್ಲೇ ಹೇಳಿಡಬೇಕು. ಅಕ್ಷರ ಸಂಕೇತ ಹೊಂದದಿದ್ದರೆ ಸ್ಥಳಾಂತರದ ವೇಳೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಬರುತ್ತದೆ.

ಗ್ರಾಹಕರ ಹೆಸರು, ದೂರವಾಣಿ ಸಂಖ್ಯೆಗಳು ಸೋರಿಹೋದರೆ ಅದು ನಿರ್ವಾಹಕರ ತಪ್ಪೆಂದು ಕೈತೊಳೆದುಕೊಳ್ಳಲು ಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಹೊಣೆಯನ್ನು ದತ್ತಾಂಶ ಸಂಗ್ರಹಿಸುವ ಉದ್ಯಮದ ಮೇಲೆಯೇ ಹೊರಿಸುತ್ತದೆ. ರಕ್ಷಣಾ ಕ್ರಮ ಕೈಗೊಳ್ಳದಿದ್ದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಬೇಡದ ವಿವರವನ್ನು ಕೇಳದಿರುವುದೇ ಇಲ್ಲಿ ಅಗ್ಗದ ಉಪಾಯ.

ಈಗಾಗಲೇ ಜಾಲತಾಣ ಹೊಂದಿರುವವರು ಡೊಮೈನ್ ಖಾತೆ, ಹೋಸ್ಟಿಂಗ್ ಖಾತೆ, ದತ್ತಸಂಚಯದ ಪಾಸ್‌ವರ್ಡ್ ಈ ಮೂರನ್ನೂ ಸಂಸ್ಥೆಯ ಹೆಸರಿಗೆ ಬರೆಸಿಕೊಳ್ಳಲು ತಕ್ಕ ಸಮಯವೆಂದರೆ ಮುಂದಿನ ನವೀಕರಣದ ಬಿಲ್ಲು ಬಂದಾಗ, ಹಣ ಪಾವತಿಸುವ ಮುನ್ನ. ಪಾವತಿಯಾದ ಮೇಲೆ ಅದೇ ಬೇಡಿಕೆಗೆ ಉತ್ತರ ಸಿಗಲು ಇನ್ನೊಂದು ವರ್ಷ ಕಾಯಬೇಕಾದೀತು.