ರೋಜಾ ಇದ್ದವರಿಗೂ ಬೆರಳು ಚುಚ್ಚಬಹುದು

ಕಳೆದ ರಂಜಾನ್‌ನಲ್ಲಿ ಒಂದು ದಿನ ಸಂಜೆ ನಾಲ್ಕೂವರೆ ಇರಬಹುದು. ನಮ್ಮ ದಾದಿ ಇಫ್ತಾರ್‌ಗೆಂದು ಪರಂಗಿ ಹಣ್ಣು ಹೆಚ್ಚುತ್ತಾ ಕೂತಿದ್ದರು. ಚಾಕು ಹಿಡಿದ ಕೈ ನಡುಗುತ್ತಿತ್ತು. ಹಣೆಯ ಮೇಲೆ ಬೆವರು. ಏನಾಯಿತು ಎಂದರೆ, "ಸೆಕೆ, ಮತ್ತೇನಿಲ್ಲ" ಎಂದರು. ಯಲಿಯೂರಿನಲ್ಲಿ ಮಾರ್ಚ್ ತಿಂಗಳ ಸೆಕೆ ಎಲ್ಲರಿಗೂ ಗೊತ್ತಿರುವುದೇ. ಆದರೆ ಫ್ಯಾನಿನ ಕೆಳಗೆ ಕೂತವರ ಮೈ ತಣ್ಣಗಿದ್ದು ಬೆವರು ಸುರಿಯುತ್ತಿದ್ದರೆ ಅದು ಸೆಕೆಯಲ್ಲ. ನನಗೆ ಅನುಮಾನ ಬಂತು. ಚಾಚಾ ತಂದುಕೊಟ್ಟು ಹೋಗಿದ್ದ ಗ್ಲುಕೋಮೀಟರನ್ನು ಬೀರುವಿನಿಂದ ತೆಗೆದೆ.

ದಾದಿ ಕೈ ಹಿಂದಕ್ಕೆ ಎಳೆದುಕೊಂಡರು. "ಬೇಡ ಬೇಟಿ, ರಕ್ತ ತೆಗೆದರೆ ರೋಜಾ ಹೋಗುತ್ತದೆ. ಇನ್ನೆರಡು ಗಂಟೆ ಅಷ್ಟೇ."

ನಾನು ಸುಮ್ಮನಾದೆ. ದೊಡ್ಡವರ ಮಾತು, ಅದರಲ್ಲೂ ರೋಜಾ ವಿಷಯ. ಅರ್ಧ ಗಂಟೆ ಕಳೆಯಿತು. ದಾದಿ ಗೋಡೆಗೆ ಒರಗಿದರು, ಕರೆದರೆ ತಡೆದು ತಡೆದು ಉತ್ತರ ಕೊಡತೊಡಗಿದರು. ಆಗ ಅಮ್ಮಿ ಅವರ ಕೈ ಹಿಡಿದರು, ನಾನು ಬೆರಳು ಚುಚ್ಚಿದೆ. ಮೀಟರ್ 142 ತೋರಿಸಿತು. ಸರಿಯಾಗಿಯೇ ಇದೆಯಲ್ಲ ಎಂದುಕೊಂಡೆವು. ಅಮ್ಮಿಗೆ ಮಾತ್ರ ಹೊಳೆಯಿತು: "ಹಣ್ಣು ಹೆಚ್ಚಿದ ಕೈ ಕಣೆ ಅದು." ಕೈ ತೊಳೆದು, ಒರೆಸಿ, ಬೇರೆ ಬೆರಳಿನಿಂದ ನೋಡಿದರೆ 56. ಮೊದಲು ಬಂದದ್ದರಲ್ಲಿ ಪರಂಗಿ ಹಣ್ಣಿನ ಸಕ್ಕರೆಯೂ ಸೇರಿತ್ತು.

ದಾದಿಗೆ ಇನ್ನೂ ನುಂಗುವಷ್ಟು ಎಚ್ಚರವಿತ್ತು. ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿದೆವು. ಹದಿನೈದು ನಿಮಿಷ ಬಿಟ್ಟು ನೋಡಿದಾಗ 91. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಆ ಅರ್ಧ ಗಂಟೆ ನಾನು ಸುಮ್ಮನಿದ್ದದ್ದು ವಿಧೇಯತೆಯೋ ಹೆದರಿಕೆಯೋ, ಇವತ್ತಿಗೂ ನನಗೆ ತೀರ್ಮಾನವಾಗಿಲ್ಲ. ಅದಕ್ಕಾಗಿಯೇ ಈ ಲೇಖನ.

ನನ್ನ ಅಭಿಪ್ರಾಯ ನೇರವಾಗಿದೆ. ಶುಗರ್ ಇರುವವರ ರೋಜಾ ಬಗ್ಗೆ ಮಾತಾಡಬೇಕಾದದ್ದು ರಂಜಾನ್ ಚಂದ್ರ ಕಂಡ ಮೇಲಲ್ಲ, ಅದಕ್ಕೂ ಎರಡು ತಿಂಗಳು ಮುಂಚೆ. ಮಾತು ಶುರುವಾಗಬೇಕಾದದ್ದು ಮನೆಯಲ್ಲಿ ಮತ್ತು ಮಸೀದಿಯಲ್ಲಿ. ಮನೆಯಲ್ಲಿ ಅದನ್ನು ಎತ್ತಬೇಕಾದವರು ನಾವು, ಪಿಯುಸಿ ಓದುತ್ತಿರುವ ಮಕ್ಕಳು.

ಮೊದಲು ದಾದಿಯ ಪ್ರಶ್ನೆಗೆ ಬರುತ್ತೇನೆ. ಶುಗರ್ ನೋಡಲು ಬೆರಳಿನಿಂದ ಒಂದು ಹನಿ ರಕ್ತ ತೆಗೆದರೆ ರೋಜಾ ಮುರಿಯುವುದಿಲ್ಲ. ಇದು ನನ್ನ ಸ್ವಂತ ಮಾತಲ್ಲ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವೂ ರಂಜಾನ್ ಮತ್ತು ಮಧುಮೇಹದ ಬಗ್ಗೆಯೇ ಕೆಲಸ ಮಾಡುವ ವೈದ್ಯರ ಸಂಘಟನೆಯೂ ಸೇರಿ 2016ರಲ್ಲಿ ಒಂದು ಮಾರ್ಗಸೂಚಿ ತಂದವು, 2021ರಲ್ಲಿ ಅದನ್ನು ಪರಿಷ್ಕರಿಸಿದವು. ಬೆರಳು ಚುಚ್ಚಿ ಪರೀಕ್ಷಿಸುವುದರಿಂದ ಉಪವಾಸ ಕೆಡುವುದಿಲ್ಲ ಎಂಬುದನ್ನು ರೋಗಿಗಳಿಗೆ ಮೊದಲೇ ತಿಳಿಸಿ ಎಂದು ಅದರಲ್ಲಿದೆ. ಮೀಟರ್ 70ಕ್ಕಿಂತ ಕಡಿಮೆ ಅಥವಾ 300ಕ್ಕಿಂತ ಹೆಚ್ಚು ತೋರಿಸಿದರೆ ಆಗಲೇ ರೋಜಾ ಬಿಡಬೇಕು, ಮಗ್ರಿಬ್‌ಗೆ ಹತ್ತು ನಿಮಿಷ ಉಳಿದಿದ್ದರೂ ಸರಿಯೇ. ಇನ್ನು ಕಾಯಿಲೆಯವರಿಗೆ ವಿನಾಯಿತಿ ಇದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ, ಸೂರ ಅಲ್-ಬಕರಾದ 184 ಮತ್ತು 185ನೇ ಆಯತ್‌ಗಳೇ ಇವೆ. ನಾವು ಮದರಸಾದಲ್ಲಿ ಓದಿದ್ದೇವೆ. ಆದರೆ ನಮ್ಮ ಮನೆಯ ಹಿರಿಯರ ಮನಸ್ಸಿನಲ್ಲಿ ಆ ವಿನಾಯಿತಿ ಯಾವಾಗಲೂ ಬೇರೆ ಯಾರಿಗೋ ಇರುವಂಥದ್ದು.

ಇದು ನಮ್ಮೂರಿನ ಹಿರಿಯರ ಹಟ ಮಾತ್ರವೂ ಅಲ್ಲ. 13 ದೇಶಗಳ 12 ಸಾವಿರಕ್ಕೂ ಹೆಚ್ಚು ಮುಸ್ಲಿಂ ಮಧುಮೇಹಿಗಳನ್ನು ವಿಚಾರಿಸಿದ ಎಪಿಡಯಾರ್ ಎಂಬ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಟೈಪ್ 2 ಮಧುಮೇಹ ಇದ್ದವರಲ್ಲಿ ನೂರಕ್ಕೆ 79 ಜನ ಕನಿಷ್ಠ ಹದಿನೈದು ದಿನ ರೋಜಾ ಇಟ್ಟಿದ್ದರು. ಅವರಲ್ಲಿ ಶುಗರ್ ತೀರಾ ಕುಸಿದ ಪ್ರಕರಣಗಳು ಬೇರೆ ತಿಂಗಳುಗಳಿಗಿಂತ ಏಳೂವರೆ ಪಟ್ಟು ಹೆಚ್ಚಿದ್ದವು. ಅಂದರೆ "ರೋಜಾ ಇಡಬೇಡಿ" ಎಂದು ಹೇಳಿ ಕೈ ತೊಳೆದುಕೊಂಡರೆ ಪ್ರಯೋಜನವಿಲ್ಲ, ಅವರು ಇಟ್ಟೇ ಇಡುತ್ತಾರೆ. ಹೇಗೆ ಇಡಬೇಕು, ಯಾರು ಇಡಲೇಬಾರದು ಎಂಬುದನ್ನು ಡಾಕ್ಟರ ಹತ್ತಿರ ಮೊದಲೇ ಕೇಳಿಕೊಳ್ಳಬೇಕು.

ದಾದಿಯ ವಿಷಯದಲ್ಲಿ ಆದ ತಪ್ಪು ಅಲ್ಲೇ. ಅವರು ತೆಗೆದುಕೊಳ್ಳುತ್ತಿದ್ದ ಮಾತ್ರೆಗಳು ಎರಡು, ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್. ಮೆಟ್‌ಫಾರ್ಮಿನ್ ಒಂದರಿಂದಲೇ ಶುಗರ್ ಇಷ್ಟು ಕೆಳಗಿಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ಊಟ ಮಾಡಿದ್ದೀರೋ ಇಲ್ಲವೋ ಎಂದು ನೋಡದೆ ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ದಿನವೂ ಬೆಳಿಗ್ಗೆ ತಿಂಡಿಗೆ ಮುಂಚೆ ನುಂಗುತ್ತಿದ್ದ ಆ ಮಾತ್ರೆಯನ್ನು ದಾದಿ ಸಹರಿಯಲ್ಲಿ ನುಂಗಿ, ಮುಂದೆ ಹದಿಮೂರು ಗಂಟೆ ಏನೂ ತಿನ್ನದೆ ಇದ್ದರು. ರೋಜಾ ಇಡುತ್ತೇನೆ ಎಂದು ಅವರು ಡಾಕ್ಟರಿಗೆ ಹೇಳಿರಲಿಲ್ಲ, ಬೇಡ ಎಂದುಬಿಟ್ಟಾರು ಎಂಬ ಭಯ. ಡಾಕ್ಟರೂ ಕೇಳಿರಲಿಲ್ಲ. ಇಬ್ಬರೂ ಸುಮ್ಮನಿದ್ದರು, ಹಾಗಾಗಿ ಮಾತ್ರೆಯ ಹೊತ್ತು, ಪ್ರಮಾಣ ಯಾವುದೂ ಬದಲಾಗಲಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ, ಇನ್ನೂ ಹೆಚ್ಚು. ಹಾಗೆಂದು ಮಾತ್ರೆಯನ್ನು ನಾವೇ ನಿಲ್ಲಿಸುವುದು, ಅರ್ಧ ಮಾಡುವುದು ಖಂಡಿತ ಬೇಡ.

ನಾವು ಏನು ಮಾಡಬಹುದು ಎನ್ನುವವರಿಗೆ ಒಂದು ಪ್ರಶ್ನೆ. ಎಲಿ ಲಿಲ್ಲಿ ಕಂಪನಿ ಇನ್ಸುಲಿನ್‌ನ ಎ ಮತ್ತು ಬಿ ಸರಪಳಿಗಳಿಗೆ ಡಿಎನ್‌ಎ ತಯಾರಿಸಿದ್ದು ಯಾವ ವರ್ಷ? ದ್ವಿತೀಯ ಪಿಯುಸಿ ಜೀವಶಾಸ್ತ್ರದವರು ನಿದ್ದೆಯಲ್ಲಿ ಕೇಳಿದರೂ 1983 ಎನ್ನುತ್ತೇವೆ. ಕೆಂಪು ರಕ್ತಕಣದ ಆಯುಸ್ಸು 120 ದಿನ ಎಂದು ಬರೆದು ಅಂಕ ತೆಗೆದಿದ್ದೇವೆ. ಆದರೆ ಮನೆಗೆ ಬಂದ ಲ್ಯಾಬ್ ರಿಪೋರ್ಟಿನಲ್ಲಿ ಎಚ್‌ಬಿಎ1ಸಿ 8.4 ಎಂದಿದ್ದರೆ ಅದು ಅಬ್ಬನ ಜೇಬಿನಲ್ಲೇ ಮಡಿಸಿಕೊಂಡಿರುತ್ತದೆ. ಎರಡೂ ಒಂದೇ ಪಾಠ! ರಕ್ತದ ಗ್ಲೂಕೋಸ್ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಕಣ ಬದುಕಿರುವಷ್ಟು ದಿನ ಆ ಗುರುತು ಉಳಿಯುತ್ತದೆ. ಅದಕ್ಕೇ ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ, 5.7ರಿಂದ 6.4ರವರೆಗೆ ಅದರ ಹೊಸ್ತಿಲು. ಖಾಲಿ ಹೊಟ್ಟೆಯ ಪರೀಕ್ಷೆಯಲ್ಲಾದರೆ 126 ಅಥವಾ ಹೆಚ್ಚು. ಲಕ್ಷಣಗಳಿಲ್ಲದಿದ್ದರೆ ಒಂದೇ ಸಲದ ಅಂಕಿ ನೋಡಿ ತೀರ್ಮಾನಿಸದೆ ಮತ್ತೊಮ್ಮೆ ಪರೀಕ್ಷಿಸಿ ಖಚಿತ ಮಾಡಿಕೊಳ್ಳುತ್ತಾರೆ. ರಕ್ತಹೀನತೆ ಇರುವವರಲ್ಲಿ ಎಚ್‌ಬಿಎ1ಸಿ ದಾರಿ ತಪ್ಪಿಸಬಹುದು. ನಮ್ಮ ಹೆಂಗಸರಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯವೆಂದು ಬಲ್ಲವರು ಇದನ್ನು ಡಾಕ್ಟರಿಗೆ ನೆನಪಿಸಬೇಕು.

ಪರೀಕ್ಷೆಯ ವಿಷಯದಲ್ಲಿ ನಮ್ಮ ಹಿರಿಯರು ನಮ್ಮ ಹಾಗೆಯೇ. ನಾವು ಟೆಸ್ಟಿನ ಹಿಂದಿನ ರಾತ್ರಿ ಓದುವಂತೆ ಅವರು ರಕ್ತ ಕೊಡುವ ಹಿಂದಿನ ಎರಡು ದಿನ ಅನ್ನ ಬಿಡುತ್ತಾರೆ, ಹಾಗಲಕಾಯಿ ರಸ ಕುಡಿಯುತ್ತಾರೆ. ಖಾಲಿ ಹೊಟ್ಟೆಯ ಅಂಕಿ ಚೆನ್ನಾಗಿ ಬಂದರೆ ಸಂತೋಷ. ಎಚ್‌ಬಿಎ1ಸಿ ಮುಂದೆ ಆ ಆಟ ನಡೆಯುವುದಿಲ್ಲ. ಇನ್ನು ಕೆಲವರು ಖಾಲಿ ಹೊಟ್ಟೆಯಲ್ಲೇ ಬಂದಿದ್ದೇವೆ ಎನ್ನುತ್ತಾರೆ. ವಿಚಾರಿಸಿದರೆ, "ಒಂದು ಲೋಟ ಟೀ ಅಷ್ಟೇ." ಎಂಟು ಗಂಟೆ ನೀರು ಬಿಟ್ಟು ಬೇರೇನೂ ಇಲ್ಲ ಎಂದರೆ ಟೀಯೂ ಇಲ್ಲ.

ಮಂಡ್ಯ ಸಕ್ಕರೆ ನಾಡು. ಮೈಸೂರು ಸಕ್ಕರೆ ಕಂಪನಿ 1933ರಿಂದ ಇಲ್ಲಿದೆ. ಆಲೆಮನೆಯ ಬೆಲ್ಲದ ವಾಸನೆ ಮೂಗಿಗೆ ಬಡಿಯದ ಬಾಲ್ಯ ನಮ್ಮ ಕಡೆ ಯಾರದೂ ಅಲ್ಲ. ಅದಕ್ಕೋ ಏನೋ ಬೆಲ್ಲವನ್ನು ಬಿಟ್ಟುಕೊಡಲು ಯಾರೂ ತಯಾರಿಲ್ಲ. ಪಕ್ಕದ ಮನೆಯ ಅಜ್ಜಿ ದಾದಿಗೆ ಟೀ ಕೊಡುವಾಗ "ಬೆಲ್ಲದ್ದೇ ಕಣವ್ವ, ಏನೂ ಆಗಾಕಿಲ್ಲ, ಕುಡಿ" ಎನ್ನುತ್ತಾರೆ. ಪ್ರೀತಿಯ ಮಾತು ಅದು, ಆದರೆ ಬೆಲ್ಲದಲ್ಲಿ ಇರುವುದು ಹೆಚ್ಚಾಗಿ ಸುಕ್ರೋಸೇ. ರಸಾಯನಶಾಸ್ತ್ರದಲ್ಲಿ ಓದಿದಂತೆ ಅದು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ದೇಹಕ್ಕೆ ಬಣ್ಣ ಕಾಣಿಸುವುದಿಲ್ಲ. ರಾಗಿ ಮುದ್ದೆಯದೂ ಇದೇ ಕತೆ. ರಾಗಿ ಒಳ್ಳೆಯದೇ, ಆದರೆ "ಮುದ್ದೆ ಎಷ್ಟು ಉಂಡರೂ ಶುಗರ್ ಏರಲ್ಲ" ಎಂದು ಎರಡು ದೊಡ್ಡ ಮುದ್ದೆ ನುಂಗಿದರೆ ಅದೂ ಹಿಟ್ಟೇ. ಮುದ್ದೆ ಸಣ್ಣದಾಗಲಿ, ಬಸ್ಸಾರಿನ ಸೊಪ್ಪು ಕಾಳು ಹೆಚ್ಚಲಿ. ಇಫ್ತಾರ್‌ನಲ್ಲಿ ಸಮೋಸ, ಬಣ್ಣದ ಶರಬತ್ತು ಒಟ್ಟಿಗೆ ಇಳಿಸಿ ರಾತ್ರಿ ಶುಗರ್ ಮುನ್ನೂರು ದಾಟಿಸಿಕೊಳ್ಳುವವರ ಬಗ್ಗೆ ಬೇರೆ ಲೇಖನವನ್ನೇ ಬರೆಯಬೇಕು.

ಕಾಯಿಲೆ ಗೊತ್ತಿರುವವರ ಮಾತು ಇದಾಯಿತು. ಗೊತ್ತೇ ಇಲ್ಲದವರು? ಐಸಿಎಂಆರ್ ನೆರವಿನಿಂದ ದೇಶದಾದ್ಯಂತ ನಡೆದ ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು. ಅದರ ಅಂದಾಜಿನಂತೆ ಭಾರತದಲ್ಲಿ ಮಧುಮೇಹಿಗಳು 10 ಕೋಟಿ 10 ಲಕ್ಷ, ಹೊಸ್ತಿಲ ಮೇಲಿರುವವರು 13 ಕೋಟಿ 60 ಲಕ್ಷ. ಬಾಯಾರಿಕೆ, ಪದೇ ಪದೇ ಮೂತ್ರ, ಸುಸ್ತು ಕಾಣಿಸಿಕೊಳ್ಳುವ ಹೊತ್ತಿಗೆ ಕೆಲವರಿಗೆ ಕಾಯಿಲೆ ಹಳೆಯದಾಗಿರುತ್ತದೆ. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆ ಉಚಿತ. ದುಡ್ಡಿಲ್ಲದೆ ಹೋಗಲಿಲ್ಲ ಎನ್ನುವಂತಿಲ್ಲ. ನಿಜವಾದ ಕಾರಣ ಬೇರೆ. "ಮನೆಯಲ್ಲಿ ಶುಗರ್ ಇದೆ ಅಂತ ಗೊತ್ತಾದರೆ ಹೆಣ್ಣು ಮಕ್ಕಳ ರಿಶ್ತಾಗೆ ತೊಂದರೆ" ಎಂಬ ಪಿಸುಮಾತು ನಾನೇ ಕೇಳಿದ್ದೇನೆ. ನನ್ನ ರಿಶ್ತಾ ಕೇಳಿಕೊಂಡು ಬರುವವರು ದಯವಿಟ್ಟು ಈ ಸಂಚಿಕೆ ಓದಿಕೊಂಡು ಬರಲಿ.

ನಮ್ಮ ಕಾಲೇಜಿಗೆ ಒಂದು ಕೋರಿಕೆ. ವಾರ್ಷಿಕೋತ್ಸವದ ದಿನ ಪೋಷಕರೆಲ್ಲ ಬರುತ್ತಾರೆ. ಅಂದು ಒಂದು ಕೊಠಡಿಯಲ್ಲಿ ಆರೋಗ್ಯ ಕೇಂದ್ರದವರನ್ನು ಕರೆಸಿ ತಪಾಸಣೆ ಇಡಬಹುದು. ಶಾಬಾನ್ ತಿಂಗಳಿಗೆ ಮುಂಚೆಯೇ ಒಂದು ಜುಮಾದ ಬಯಾನಿನಲ್ಲಿ ಶುಗರ್ ಇರುವವರು ಡಾಕ್ಟರನ್ನು ಕಂಡು ಬನ್ನಿ, ಬೆರಳು ಚುಚ್ಚಿದರೆ ರೋಜಾ ಹೋಗುವುದಿಲ್ಲ ಎಂದು ಹೇಳುವಂತೆ ನಮ್ಮ ಉರ್ದು ಉಪನ್ಯಾಸಕರು ಇಮಾಮ್ ಸಾಹೇಬರನ್ನು ಕೇಳಿಕೊಳ್ಳಬಹುದು. ನಾನು ಹೇಳಿದರೆ ದಾದಿ ನಂಬುವುದಿಲ್ಲ, ಮಿಂಬರಿನಿಂದ ಬಂದರೆ ನಂಬುತ್ತಾರೆ.

ಈ ಸಲ ಡಾಕ್ಟರು ದಾದಿಗೆ ರೋಜಾ ಬೇಡ ಎಂದರು. ವಯಸ್ಸು, ಮೂತ್ರಪಿಂಡದ ರಿಪೋರ್ಟು ಎರಡನ್ನೂ ನೋಡಿ ಹೇಳಿದ ಮಾತು. ದಾದಿ ಆವತ್ತು ರಾತ್ರಿ ಊಟ ಮಾಡಲಿಲ್ಲ, ಅತ್ತರು. ಈಗ ಫಿದ್ಯಾ ಲೆಕ್ಕ ಹಾಕಿಸುತ್ತಿದ್ದಾರೆ, ಸಹರಿಗೆ ಎಲ್ಲರನ್ನೂ ಎಬ್ಬಿಸುವ ಕೆಲಸ ತನ್ನದೇ ಎಂದಿದ್ದಾರೆ. ಅಬ್ಬನಿಗೆ ನಲವತ್ತಾರು, ಅವರ ತಾಯಿಗೆ ಶುಗರ್ ಇದೆ, ಆದರೂ ಇದುವರೆಗೆ ಒಮ್ಮೆಯೂ ನೋಡಿಸಿಕೊಂಡಿಲ್ಲ. ಬರುವ ಸೋಮವಾರ ಟೀ ಕುಡಿಯದೆ ಬರುತ್ತೇನೆ ಎಂದು ಮಾತು ಕೊಟ್ಟಿದ್ದಾರೆ. ಅಂದು ಬೆಳಿಗ್ಗೆ ಟೀ ಪುಡಿ ಡಬ್ಬವನ್ನು ನಾನೇ ಎತ್ತಿಡುತ್ತೇನೆ.