ಕಂಪು ಮೆಲ್ಲಗಿರಲಿ

ಮಂಡಿಯ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮನೆಗೆ ಬಂದಿದ್ದ ತಾಯಿಯನ್ನು ನೋಡಲು ಮಗಳು ಕೈತುಂಬ ಸುಗಂಧರಾಜದ ಕಡ್ಡಿಗಳನ್ನು ತಂದಳು. ಜತೆಗೆ ನಾಲ್ಕು ದೊಡ್ಡ ಬಿಳಿ ಲಿಲ್ಲಿ. ಹಾಸಿಗೆಯ ಪಕ್ಕದ ಮೇಜಿನ ಮೇಲೆ ಹಿತ್ತಾಳೆಯ ಚೊಂಬಿನಲ್ಲಿ ಚೆಂದವಾಗಿ ಜೋಡಿಸಿಟ್ಟು, ಸೊಳ್ಳೆ ಬಾರದಿರಲೆಂದು ಕಿಟಕಿ ಮುಚ್ಚಿದಳು. ರಾತ್ರಿ ಒಂಬತ್ತಾಗುವಷ್ಟರಲ್ಲಿ ಆ ಕೋಣೆಯಲ್ಲಿ ಕೂರುವಂತಿರಲಿಲ್ಲ. ‘ಚೆನ್ನಾಗಿದೆ ಕಣೇ, ಆದರೆ ಸ್ವಲ್ಪ ಆಚೆ ಇಟ್ಟುಬಿಡು’ ಎಂದರು ತಾಯಿ. ಹೂವು ರಾತ್ರಿಯೆಲ್ಲ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕಳೆಯಿತು.

ಮಗಳಿಗೆ ಬೇಸರವಾಗದೆ ಇರುತ್ತದೆಯೇ? ಬೆಳಿಗ್ಗೆ ಕಾಫಿ ಕುಡಿಯುವಾಗ ತಾಯಿಯೇ ಮಾತು ತೆಗೆದರು. ‘ತಲೆನೋವು ಒಂದೇ ಅಲ್ಲ ಕಣೇ. ನಿಮ್ಮಪ್ಪನ್ನ ಹಾಲ್‌ನಲ್ಲಿ ಮಲಗಿಸಿದ್ದ ದಿನ ಮನೆಯೆಲ್ಲ ಇದೇ ವಾಸನೆ ಇತ್ತು.’

ಸುಗಂಧರಾಜದ ಕಥೆಯೇ ಹಾಗೆ. ಮದುವೆಯ ಹಾರಕ್ಕೂ ಅದೇ, ಕೊನೆಯ ಹಾರಕ್ಕೂ ಅದೇ. ಕಣ್ಣು ಮರೆತದ್ದನ್ನು ಮೂಗು ಮರೆಯುವುದಿಲ್ಲ. ಹೂ ಕೊಳ್ಳುವಾಗ ಬಣ್ಣ ನೋಡುತ್ತೇವೆ, ಬೆಲೆ ಕೇಳುತ್ತೇವೆ. ಕೊಡುವುದು ಯಾರಿಗೆ, ಅದು ಇರುವುದು ಎಂಥ ಕೋಣೆಯಲ್ಲಿ ಎಂದು ಯೋಚಿಸುವವರು ಕಡಿಮೆ.

ನಮ್ಮವರಿಗೆ ಹೂವೆಂದರೆ ಮೊದಲು ಘಮ. ಮಲ್ಲಿಗೆ, ಸಂಪಿಗೆ, ಕೇದಗೆಗಳ ನಾಡಿನಲ್ಲಿ ವಾಸನೆಯಿಲ್ಲದ ಹೂವನ್ನು ಅರ್ಧ ಹೂವೆಂದೇ ಎಣಿಸುವುದು ರೂಢಿ. ಆದರೆ ಆ ಹೂಗಳು ಇದ್ದುದು ಅಂಗಳದಲ್ಲಿ, ಮುಡಿಯಲ್ಲಿ, ಗಾಳಿಯಾಡುವ ಪಡಸಾಲೆಯಲ್ಲಿ. ಹತ್ತಡಿ ಅಗಲದ ಮಲಗುವ ಕೋಣೆಯಲ್ಲಿ, ಅದರಲ್ಲೂ ಹವಾನಿಯಂತ್ರಣ ಹಾಕಿ ಬಾಗಿಲು ಜಡಿದ ಕಡೆ, ಅದೇ ಘಮ ಹೋಗಲು ದಾರಿಯಿಲ್ಲದೆ ದಟ್ಟವಾಗುತ್ತದೆ. ಉಬ್ಬಸವಿರುವವರಿಗೆ, ಅರೆತಲೆನೋವಿನವರಿಗೆ, ಬಸುರಿಯರಿಗೆ ಅದು ಶಿಕ್ಷೆ. ಊಟದ ಮೇಜಿನ ಮೇಲಿಟ್ಟರಂತೂ ಸಾರಿನ ಒಗ್ಗರಣೆಗೂ ಹೂವಿಗೂ ಜಗಳ.

ಹಾಗೆಂದು ಸುಗಂಧರಾಜವನ್ನು ದೂರುವಂತಿಲ್ಲ. ಮೆಕ್ಸಿಕೋ ಮೂಲದ ಈ ಹೂ ಕಂಪು ಬಿಡುವುದು ಮುಖ್ಯವಾಗಿ ಸಂಜೆಯ ನಂತರ. ಹಗಲು ಅಂಗಡಿಯಲ್ಲಿ ಮೂಸಿದವರು ಮೋಸ ಹೋಗುವುದು ಅದಕ್ಕೇ. ಬೇಕೇ ಬೇಕೆಂದರೆ ಜೋಡಿ ಸುತ್ತಿನದನ್ನು ಆರಿಸಬಹುದು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಶೃಂಗಾರ, ಪ್ರಜ್ವಲ್ ಒಂಟಿ ಸುತ್ತಿನವು; ಸುವಾಸಿನಿ ಜೋಡಿ ಸುತ್ತಿನದು, ವೈಭವ್ ಅರೆಜೋಡಿ ಸುತ್ತಿನದು. ಹಾರಕ್ಕೆ ಒಂಟಿ, ಹೂದಾನಿಗೆ ಜೋಡಿ ಎಂಬುದು ವಾಡಿಕೆ. ಜೋಡಿ ಸುತ್ತಿನದರ ಘಮ ಸಾಮಾನ್ಯವಾಗಿ ಒಂದು ಕೈ ಕಡಿಮೆ. ಮೂರೇ ಕಡ್ಡಿ, ಬಾಗಿಲ ಬಳಿ, ಅಷ್ಟು ಸಾಕು.

ಲಿಲ್ಲಿಯಲ್ಲೂ ಎರಡು ಬಗೆ ಇದೆಯೆಂದು ತಿಳಿದಿರಬೇಕು. ಓರಿಯೆಂಟಲ್ ಲಿಲ್ಲಿ ದೊಡ್ಡದು, ಬಿಳಿ ಅಥವಾ ಗುಲಾಬಿ ಬಣ್ಣದ್ದು. ಒಂದೇ ಹೂ ಇಡೀ ಹಾಲ್ ತುಂಬುತ್ತದೆ. ಏಷಿಯಾಟಿಕ್ ಲಿಲ್ಲಿ ತುಸು ಚಿಕ್ಕದು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲೂ ಸಿಗುತ್ತದೆ. ಅದಕ್ಕೆ ವಾಸನೆ ಇಲ್ಲವೆಂದೇ ಹೇಳಬೇಕು. ಹೆಸರು ಹೇಳಿ ಕೇಳಿದರೆ ಅಂಗಡಿಯವರು ಕೊಡುತ್ತಾರೆ. ಬೆಕ್ಕು ಸಾಕಿದ ಮನೆಗೆ ಮಾತ್ರ ಎರಡೂ ಬೇಡ. ಲಿಲ್ಲಿಯ ಎಲೆ ಅಗಿದರೂ, ಮೈಗೆ ಅಂಟಿದ ಪರಾಗ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಟ್ಟು ಪ್ರಾಣಕ್ಕೇ ಸಂಚಕಾರ.

ಇನ್ನು ಗುಲಾಬಿ. ಈಗಿನ ಉದ್ದ ಕಡ್ಡಿಯ ಗುಲಾಬಿಗೆ ವಾಸನೆಯೇ ಇಲ್ಲವೆಂಬ ದೂರು ಎಲ್ಲರದ್ದು. ದಪ್ಪ ಎಸಳು, ನೆಟ್ಟನೆಯ ಕಡ್ಡಿ, ವಿಮಾನದಲ್ಲಿ ಕಳಿಸಿದರೂ ಬಾಡದ ಬಾಳಿಕೆ, ಇವನ್ನೇ ನೋಡಿ ತಳಿ ಆರಿಸುತ್ತ ಬಂದದ್ದರಲ್ಲಿ ಕಂಪು ಹಿಂದೆ ಬಿತ್ತು. ಫ್ರಾನ್ಸಿನ ಸಂಶೋಧಕರು ಕಂಪುಳ್ಳ ‘ಪಪಾ ಮೆಯಾಂ’ ಮತ್ತು ಕಂಪಿಲ್ಲದ ‘ರೂಜ್ ಮೆಯಾಂ’ ಗುಲಾಬಿಗಳನ್ನು ಹೋಲಿಸಿ, ಪರಿಮಳ ತಯಾರಾಗಲು ಬೇಕಾದ ಒಂದು ಕಿಣ್ವವನ್ನು 2015ರಲ್ಲಿ ಗುರುತಿಸಿದರು. ಕಂಪಿಲ್ಲದ್ದರಲ್ಲಿ ಅದರ ಕೆಲಸ ತೀರ ಮಂದ. ಆದರೆ ರೋಗಿಯ ಕೋಣೆಗೆ ಈ ಕೊರತೆಯೇ ವರ. ಮುಖಕ್ಕೆ ಹತ್ತಿರ ತಂದರಷ್ಟೇ ತಿಳಿಯುವ ನಸುಗಂಪಿನ ಗುಲಾಬಿ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಬೇರೆ ಬೇಡ. ಕೆಲವು ಅಂಗಡಿಗಳಲ್ಲಿ ಬೊಕೆಯ ಮೇಲೆ ಸೆಂಟು ಹೊಡೆಯುವುದುಂಟು. ‘ಸ್ಪ್ರೇ ಬೇಡ’ ಎಂದು ಮೊದಲೇ ಹೇಳಿಬಿಡುವುದು ಕ್ಷೇಮ.

ಕಾರ್ನೇಷನ್‌ಗೆ ಲವಂಗದ ತೆಳು ಛಾಯೆ ಇದ್ದರೆ ಇತ್ತು, ಹತ್ತಿರದಿಂದ ಮಾತ್ರ. ಗ್ಲ್ಯಾಡಿಯೋಲಸ್, ಜರ್ಬೆರಾ, ಆಂಥೂರಿಯಂ ಮೂಗಿನ ತಂಟೆಗೆ ಬರುವುದಿಲ್ಲ. ಆಸ್ಟರ್ ಕೂಡ ಹಾಗೆಯೇ. ಹೆಸರಘಟ್ಟದವರ ಬಿಳಿ ಪೂರ್ಣಿಮಾ, ಗುಲಾಬಿ ಬಣ್ಣದ ಕಾಮಿನಿ ಕಣ್ಣಿಗೆ ಹಬ್ಬ. ಸೇವಂತಿಗೆಯ ಘಾಟು ಇರುವುದು ಹೂವಿಗಿಂತ ಎಲೆಯಲ್ಲಿ. ಎಲೆ ಬಿಡಿಸಿಟ್ಟರೆ ಮುಗಿಯಿತು. ಬೊಕೆಯಲ್ಲಿ ಮಂಜಿನಂತೆ ಹರಡುವ ಜಿಪ್ಸೋಫಿಲಾ ಮಾತ್ರ ಮೋಸಗಾರ. ನೋಡಲು ಸಾಧು, ಮುಚ್ಚಿದ ಕೋಣೆಯಲ್ಲಿ ಕೆಲವರ ಮೂಗಿಗೆ ಹಳಸಿದ ವಾಸನೆ.

ಪರೀಕ್ಷಿಸುವುದು ಹೇಗೆ? ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಮಲ್ಲಿಗೆ ರಾಶಿಗಳ ನಡುವೆ ನಿಂತು ಮೂಸಿದರೆ ಏನೂ ತಿಳಿಯದು. ಒಂದು ಕಡ್ಡಿ ಹಿಡಿದು ಬಯಲಿಗೆ ಬರಬೇಕು. ತಣ್ಣನೆಯ ಪೆಟ್ಟಿಗೆಯಿಂದ ಆಗತಾನೆ ತೆಗೆದ ಹೂವನ್ನೂ ನಂಬುವಂತಿಲ್ಲ. ಚಳಿಯಲ್ಲಿ ಘಮ ಮುದುಡಿರುತ್ತದೆ, ಮನೆಯ ಬೆಚ್ಚಗೆಗೆ ಬಿಚ್ಚಿಕೊಳ್ಳುತ್ತದೆ. ಮೊಗ್ಗಿಗೂ ಅರಳಿದ ಹೂವಿಗೂ ಇದೇ ವ್ಯತ್ಯಾಸ. ಆಸ್ಪತ್ರೆಗಾದರೆ ಮೊದಲು ಕೇಳಿಕೊಂಡು ಹೋಗಬೇಕು. ತೀವ್ರ ನಿಗಾ ಘಟಕದೊಳಕ್ಕೆ ಸಾಮಾನ್ಯವಾಗಿ ಹೂ ಬಿಡುವುದಿಲ್ಲ.

ಎಷ್ಟೋ ಸಲ ‘ಹೂವಿನ ವಾಸನೆ’ ಎಂದು ಮೂಗು ಮುಚ್ಚಿಕೊಳ್ಳುವುದು ಕೊಳೆತ ನೀರಿನದು. ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲ ಕಿತ್ತು, ದಿನವೂ ನೀರು ಬದಲಿಸಿ, ಕಡ್ಡಿಯ ತುದಿಯನ್ನು ಓರೆಯಾಗಿ ಒಂದಿಷ್ಟು ಕತ್ತರಿಸಬೇಕು. ಚೊಂಬನ್ನೂ ಉಜ್ಜಿ ತೊಳೆಯಬೇಕು.

ಆ ಮಗಳು ಮುಂದಿನ ವಾರ ತಂದದ್ದು ಐದಾರು ಆಸ್ಟರ್, ಮೂರು ತಿಳಿ ಗುಲಾಬಿ ಬಣ್ಣದ ಕಾರ್ನೇಷನ್, ಜತೆಗೆ ಹೂವಾಡಗಿತ್ತಿಯಿಂದ ಕೇಳಿ ಪಡೆದ ಒಂದೆರಡು ಮರುಗದ ಕಡ್ಡಿ. ಘಮವಿಲ್ಲದ ಜೋಡಣೆಗೆ ಇದೊಂದು ಹಳೆಯ ಉಪಾಯ. ಮರುಗವಾಗಲಿ ದವನವಾಗಲಿ, ಕೈ ತಾಕಿದಾಗ ಹೆಚ್ಚು ಘಮಿಸುತ್ತದೆ, ಇಲ್ಲದಿದ್ದರೆ ತನ್ನ ಪಾಡಿಗೆ ಇರುತ್ತದೆ. ತಾಯಿ ಆಗಾಗ ಕೈಚಾಚಿ ಎಲೆ ಮುಟ್ಟಿ ಬೆರಳು ಮೂಸುತ್ತಿದ್ದರು. ವಾರ ಕಳೆದು ಹೂ ಬಾಡಿದಾಗ ಮರುಗದ ಕಡ್ಡಿಯನ್ನು ಎಸೆಯಗೊಡಲಿಲ್ಲ. ತುಳಸಿಯ ಪಕ್ಕದ ಕುಂಡದಲ್ಲಿ ಚುಚ್ಚಿಸಿದರು.